ಆರ್ವಿಲ್ ಇಲ್ಲ ಅಂದ್ರೆ ಇಲ್ಲ

ಪೆಂಡಲ್ ಹಿಲ್ ಅನ್ನುವ ಊರಿನಲ್ಲಿ ಏನಾದರೂ ಕಳೆದುಹೋದರೆ ಜನ ಮೊದಲು ತಮ್ಮ ಜೇಬು ತಡಕುತ್ತಿದ್ದರು, ಆಮೇಲೆ ಮನೆಯವರ ಮೇಲೆ ಹರಿಹಾಯುತ್ತಿದ್ದರು, ಅದೂ ಮುಗಿದ ಮೇಲೆ ಆರ್ವಿಲ್ ಥೇಯರ್‌ಗೆ ಫೋನು ಮಾಡುತ್ತಿದ್ದರು. ಆರ್ವಿಲ್ ತನ್ನ ಹಳೇ ಪಿಕಪ್ ಗಾಡಿಯಲ್ಲಿ, ಮಣ್ಣಿನೊಳಗಿನ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಯಂತ್ರ ಹಾಕಿಕೊಂಡು ಬರುತ್ತಿದ್ದ. ಕಿವಿಗೆ ಹೆಡ್‌ಫೋನು ಏರಿಸಿ, ಕೋಲಿನ ತುದಿಯ ತಟ್ಟೆಯನ್ನು ಹುಲ್ಲಿನ ಮೇಲೆ ಅತ್ತಿಂದಿತ್ತ ಬೀಸುತ್ತಾ ನಡೆಯುತ್ತಿದ್ದ. ಚರ್ಚಿನ ಬೀಗದ ಕೈ, ಟ್ರ್ಯಾಕ್ಟರಿನ ಬೋಲ್ಟು, ಅಂಚೆಮನೆಯ ಹೆಂಗಸು ಸೀನಿದಾಗ ಹಾರಿಹೋದ ತಂತಿಯ ಕಟ್ಟುಹಲ್ಲು, ಎಲ್ಲವೂ ಅವನಿಗೆ ಸಿಕ್ಕಿದ್ದವು. ಸಿಗದಿದ್ದರೆ ಟೋಪಿ ತೆಗೆದು, ತಲೆ ಕೆರೆದು, "ಇಲ್ಲಿ ಇಲ್ಲ" ಅನ್ನುತ್ತಿದ್ದ. ಅಲ್ಲಿಗೆ ಹುಡುಕಾಟ ಬಂದ್. ಕಳೆದುಕೊಂಡವರು ಮರುದಿನವೇ ಹೊಸದನ್ನು ಕೊಳ್ಳುತ್ತಿದ್ದರು. ಆರ್ವಿಲ್ ಇಲ್ಲ ಅಂದ್ರೆ ಇಲ್ಲ ಅನ್ನುವುದು ಆ ಊರಲ್ಲಿ ಹವಾಮಾನ ವರದಿಗಿಂತ ಗಟ್ಟಿ ಮಾತಾಗಿತ್ತು.

ಇದು ಅವನ ಹೊಟ್ಟೆಪಾಡಲ್ಲ, ಹುಚ್ಚು. ಹೊಟ್ಟೆಪಾಡಿಗೆ ಮೂವತ್ತೆಂಟು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸಗಳ ಹಲ್ಲು ಮಸೆದ. ಆಳೆತ್ತರದ ಚಕ್ರಗಳು ಓಕ್ ಮರದೊಳಗೆ ಇಳಿಯುವಾಗ ಹೊರಡುತ್ತಿದ್ದ ಕಿರುಚಾಟ ಕೇಳಿ ಹೊಸಬರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆರ್ವಿಲ್ ನಗುತ್ತಿದ್ದ. ಹಲ್ಲು ಮೊಂಡಾಯಿತೋ ಇಲ್ಲವೋ ಅನ್ನುವುದನ್ನು ಆ ಕಿರುಚಾಟದಲ್ಲೇ ಹಿಡಿಯುವವನು, ಕಿವಿಗೆ ಹತ್ತಿ ಇಟ್ಟುಕೊಂಡರೆ ಕೆಲಸ ಆದೀತೇ? ಅವನ ಕಿವಿಯ ಮೇಲೆ ಅವನಿಗೆ ಅಷ್ಟು ಜಂಬ.

ಆ ಜಂಬವನ್ನೇ ಡಿಟೆಕ್ಟರಿಗೂ ತಂದ. ಭಾನುವಾರಗಳಲ್ಲಿ ಅವನೂ ಅವನ ಜೊತೆಗಾರ ಪೆಲ್ಟಿಯೇಯೂ ಬೆಟ್ಟದ ಮೇಲಿನ ಹಳೇ ಮನೆಗಳ ಜಾಗಕ್ಕೆ ಹೋಗುತ್ತಿದ್ದರು. ಮನೆ ಎಲ್ಲಿದ್ದೀತು! ಕಲ್ಲು ಕಟ್ಟಿದ ನೆಲಮಾಳಿಗೆಯ ಹೊಂಡ, ಬಾಗಿಲಿನ ಮುಂದಿನ ಒಂದು ಮೆಟ್ಟಿಲುಗಲ್ಲು, ಯಾರೋ ಸೊಸೆ ನೆಟ್ಟ ಲೈಲಾಕ್ ಹೂವಿನ ಪೊದೆ, ಇಷ್ಟೇ. ಅಂಥ ನೆಲದ ತುಂಬ ಮೊಳೆಗಳು. ತಟ್ಟೆ ಬೀಸಿದರೆ ಸಾಕು, ಯಂತ್ರ ಗೊರಗೊರ ಅನ್ನುತ್ತದೆ. ಅಂಗಿ ಗುಂಡಿ, ಬಕಲು, ಸೀಸದ ಗುಂಡು ಬಂದರೆ ನಡುಸ್ವರ. ಬೆಳ್ಳಿ ಬಂದರೆ ತೆಳ್ಳಗೆ, ಮೇಲಕ್ಕೆ, ಕೀಂಯ್ ಅಂತ. ಮೊಳೆಗಳ ಗಲಾಟೆಯ ನಡುವೆಯೂ ಬೆಳ್ಳಿ ಬೇರೆಯಾಗಿ ಕೇಳಲಿ ಎಂದು ಆರ್ವಿಲ್ ತನ್ನ ಕೈಯಾರೆ ಆ ಸ್ವರವನ್ನು ಯಂತ್ರದಲ್ಲಿ ಸಾಧ್ಯವಾದಷ್ಟು ಮೇಲಕ್ಕೆ ಏರಿಸಿಟ್ಟಿದ್ದ. ಯಂತ್ರಕ್ಕೊಂದು ಪುಟ್ಟ ಪರದೆಯೂ ಇತ್ತು, ಮಣ್ಣಿನೊಳಗೆ ಏನಿದೆ ಎಂದು ಅಂಕಿಯಲ್ಲಿ ತೋರಿಸುವಂಥದ್ದು. ಆ ಪರದೆಯ ಮೇಲೆ ಆರ್ವಿಲ್ ಕಪ್ಪು ಟೇಪು ಅಂಟಿಸಿಬಿಟ್ಟಿದ್ದ.

"ಕಣ್ಣಲ್ಲಿ ಹುಡುಕೋನು ಕಲಿಯೋನು, ಕಿವೀಲಿ ಹುಡುಕೋನು ಕಲಿತೋನು," ಎನ್ನುತ್ತಿದ್ದ.

"ದೇವರು ಎರಡೂ ಕೊಟ್ಟಿದಾನೆ ಮಾರಾಯ, ಎರಡನ್ನೂ ಇಟ್ಕೊಂಡ್ರೆ ಗಂಟೇನು ಹೋಗುತ್ತೆ ನಿಂದು?" ಎಂದು ಪೆಲ್ಟಿಯೇ ರೇಗಿಸುತ್ತಿದ್ದ.

ಈಚಿನ ಎರಡು ಮೂರು ವರ್ಷದಿಂದ ಆರ್ವಿಲ್‌ಗೆ ಒಂದೇ ಒಂದು ಬೆಳ್ಳಿ ನಾಣ್ಯ ಸಿಕ್ಕಿರಲಿಲ್ಲ. ಕಾರಣ ಕೇಳಿದರೆ, ಬೆಟ್ಟವನ್ನೆಲ್ಲ ಹೊರಗಿನವರು ಬಂದು ಗುಡಿಸಿಕೊಂಡು ಹೋಗಿದ್ದಾರೆ ಅನ್ನುತ್ತಿದ್ದ. ಒಂದು ಸಲ ಅವನು ನಡೆದು ಮುಗಿಸಿದ ಜಾಗದಲ್ಲೇ ಪೆಲ್ಟಿಯೇ ಎರಡು ಬೆಳ್ಳಿ ನಾಣ್ಯ ಎತ್ತಿದ. "ಜೇಬಿಂದ ಬೀಳಿಸಿ ನೀನೇ ಎತ್ಕೊಂಡ್ಯೇನೋ ಕಳ್ಳ?" ಎಂದು ಆರ್ವಿಲ್ ನಕ್ಕ. ಏಪ್ರಿಲ್ಲಿನಲ್ಲಿ ಕೆರೆಯಂಚಿನ ಪುಟ್ಟ ಕಪ್ಪೆಗಳು ಕೂಗಲಿಲ್ಲವೆಂದು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪೇ ಅವುಗಳನ್ನು ಕೊಂದಿತೆಂದು, ಊರಸಭೆಯಲ್ಲಿ ಎದ್ದು ನಿಂತು ಅರ್ಧ ಗಂಟೆ ಮಾತಾಡಿದ. ಜನ ಮುಖ ಮುಖ ನೋಡಿಕೊಂಡರು, ಯಾರೂ ಏನೂ ಅನ್ನಲಿಲ್ಲ. ಅಲ್ಲ, ಒಬ್ಬರಾದರೂ ಬಾಯಿಬಿಡಬಾರದಿತ್ತೇ?

ಇಂಥ ಹೊತ್ತಿನಲ್ಲಿ ಕಾಬ್ ಅಕ್ಕತಂಗಿಯರ ಪಂಚಾಯಿತಿ ಅವನ ಕೊರಳಿಗೆ ಬಿತ್ತು.

ಅಕ್ಕ ರೊವೀನಾ ಅರವತ್ತೊಂಬತ್ತರ ಹೆಂಗಸು, ಆರ್ವಿಲ್‌ನ ಜೊತೆ ಒಂದೇ ಶಾಲೆಯಲ್ಲಿ ಓದಿದವಳು. ತಂಗಿ ಗ್ಲೆಂಡಾ ಏಳು ವರ್ಷ ಚಿಕ್ಕವಳು, ಮನೆಯ ಮುಂದಿನ ಕೋಣೆಯಲ್ಲೇ ಊರಿನವರ ಕೂದಲು ಕತ್ತರಿಸುತ್ತಿದ್ದಳು. ಇಬ್ಬರ ನಡುವೆ ನಲವತ್ತೆಂಟು ವರ್ಷದಿಂದ ನೆಟ್ಟಗೆ ಮಾತಿಲ್ಲ. ಕಾರಣ ಉಗುರಿನಷ್ಟು ದೊಡ್ಡದೊಂದು ಬೆಳ್ಳಿ ಡೈಮ್, ಹತ್ತು ಸೆಂಟಿನ ನಾಣ್ಯ. ಕಾಬ್ ಮನೆಯಿಂದ ಹೊರಡುವ ಪ್ರತಿ ಮದುಮಗಳ ಎಡಗಾಲಿನ ಬೂಟಿನೊಳಗೆ ಅದೇ ಡೈಮನ್ನು ಇಡುತ್ತಿದ್ದರು. ಮುತ್ತಜ್ಜಿ ಇಟ್ಟುಕೊಂಡಿದ್ದಳು, ಅಜ್ಜಿ ಇಟ್ಟುಕೊಂಡಿದ್ದಳು, ತಾಯಿಯೂ ಇಟ್ಟುಕೊಂಡಿದ್ದಳು. ರೊವೀನಾಳ ಮದುವೆಯ ಬೆಳಗ್ಗೆ ಲೈಲಾಕ್ ಪೊದೆಯ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಿದ್ದ ಅಕ್ಕನಿಗೆ ಅದನ್ನು ತಂದುಕೊಡಲು ಹದಿನಾಲ್ಕು ವರ್ಷದ ಗ್ಲೆಂಡಾಳನ್ನು ಕಳಿಸಿದರು. ಅವಳು ಬರಿಗೈಯಲ್ಲಿ ಬಂದಳು. ಓಡುವಾಗ ಬಿತ್ತು ಎಂದಳು. ಹೊಟ್ಟೆಕಿಚ್ಚಿಗೆ ಬಚ್ಚಿಟ್ಟಿದ್ದಾಳೆ ಎಂದಳು ಅಕ್ಕ. ನಾಲ್ಕು ವರ್ಷಕ್ಕೆ ಆ ಮದುವೆ ಮುರಿಯಿತು. ಗಂಡ ಕುಡುಕ ಅನ್ನುವುದು ಊರಿಗೆಲ್ಲ ಗೊತ್ತಿತ್ತು, ಆದರೆ ರೊವೀನಾಳ ಮಟ್ಟಿಗೆ ಮುರಿದದ್ದು ಬೂಟಿನಲ್ಲಿ ಡೈಮ್ ಇಲ್ಲದ್ದಕ್ಕೇ.

ಈಗ ಕಾಬ್ ಮನೆಯೂ ಹೊಂಡ, ಕಲ್ಲು, ಲೈಲಾಕ್ ಪೊದೆ ಮಾತ್ರ. ಜಾಗ ಮಾರಾಟವಾಗಿತ್ತು. ಕೊಂಡವರು ಜೂನ್‌ನಲ್ಲಿ ಬಂದು ಅಗೆದು ಹೊಸ ಮನೆ ಎಬ್ಬಿಸುವವರಿದ್ದರು. ಅಕ್ಟೋಬರಿನಲ್ಲಿ ಗ್ಲೆಂಡಾಳ ಮಗಳು ಕೋರಾಳ ಮದುವೆ. ರೊವೀನಾಗೆ ಮಕ್ಕಳಿಲ್ಲ, ಗ್ಲೆಂಡಾಗೆ ಇವಳೊಬ್ಬಳೇ. ಮದುವೆಗೆ ಅಕ್ಕ ಬರಬೇಕು, ಇಷ್ಟೇ ಗ್ಲೆಂಡಾಳ ಆಸೆ.

"ಆರ್ವಿಲ್ ಹುಡುಕ್ಲಿ," ಎಂದಳಂತೆ ರೊವೀನಾ ಫೋನಿನಲ್ಲಿ. "ಸಿಕ್ತು ಅಂದ್ರೆ ಎಲ್ಲರ ಮುಂದೆ ನಾನು ತಪ್ಪಾಯ್ತು ಅಂತೀನಿ. ಇಲ್ಲ ಅಂದ್ರೆ ನೀನು ಒಪ್ಕೋಬೇಕು. ಎರಡರಲ್ಲಿ ಒಂದು ಆಗ್ದೆ ನಿನ್ನ ಮನೆ ಹೊಸಿಲು ತುಳಿಯಲ್ಲ ನಾನು."

ಗ್ಲೆಂಡಾ ಖುಷಿಯಿಂದ ಹೂಂ ಅಂದಳು. ಬಿದ್ದದ್ದು ಅವಳಿಗೆ ಗೊತ್ತಿತ್ತಲ್ಲ, ಹೆದರಿಕೆ ಯಾಕೆ?

ಆರ್ವಿಲ್ ಮೇ ತಿಂಗಳಲ್ಲಿ ಮೂರು ದಿನ ಅಲ್ಲಿ ಬೆವರು ಸುರಿಸಿದ. ಅವನು ಕೆಲಸಗಳ್ಳನಲ್ಲ, ಆ ಮಾತು ಹೇಳಲೇಬೇಕು. ಮೆಟ್ಟಿಲುಗಲ್ಲಿನಿಂದ ಲೈಲಾಕಿನವರೆಗೆ ದಾರ ಕಟ್ಟಿ ಗೆರೆ ಗೆರೆಯಾಗಿ ಪಾಲು ಮಾಡಿದ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಓರೆಯಾಗಿ ಮತ್ತೊಂದು ಸಲ ನಡೆದ. ಒಂದು ಬಕೆಟ್ ಮೊಳೆ, ಹದಿನೊಂದು ಗುಂಡಿ, ಕುದುರೆ ಸಾಮಾನಿನ ಬಕಲು, ಚಮಚದ ಹಿಡಿ, ಒಂದು ಸೀಸದ ಗುಂಡು ಸಿಕ್ಕಿದವು. ತೋಡಿದ ಪ್ರತಿ ಗುಳಿಯನ್ನೂ ಮುಚ್ಚಿ, ಹುಲ್ಲು ಕೂರಿಸಿ, ಕಾಲಲ್ಲಿ ಒತ್ತಿದ. ಭಾನುವಾರ ಮಧ್ಯಾಹ್ನ ಅಕ್ಕತಂಗಿಯರು ಬೇರೆ ಬೇರೆ ಕಾರಿನಲ್ಲಿ ಬಂದು ಇಳಿದರು. ಗ್ಲೆಂಡಾ ಡೋನಟ್ಟಿನ ಪೊಟ್ಟಣವನ್ನೂ ತಂದಿದ್ದಳು. ಹಬ್ಬಕ್ಕೆ ಬಂದವಳ ಮುಖ.

ಆರ್ವಿಲ್ ಟೋಪಿ ತೆಗೆದ. "ಇಲ್ಲಿ ಇಲ್ಲ," ಎಂದ.

ಗ್ಲೆಂಡಾಳ ಮುಖ ಬೆಳ್ಳಗಾಯಿತು. "ಸರಿಯಾಗಿ ನೋಡಿದ್ರಾ ಆರ್ವಿಲ್? ಆ ಕಲ್ಲಿನ ಹತ್ರಾನೂ?"

ಆರ್ವಿಲ್‌ಗೆ ಚುರುಕ್ಕೆಂದಿತು. "ನಲವತ್ತು ವರ್ಷದಿಂದ ಇದನ್ನೇ ಮಾಡ್ತಿದೀನಮ್ಮ. ಮೂರು ಸಲ ನಡೆದಿದೀನಿ. ಆ ಕಲ್ಲಿನ ಸುತ್ತ ಮೊಳೆ ಬಿಟ್ರೆ ಮಣ್ಣಾಂಗಟ್ಟಿ ಇಲ್ಲ. ಬೆಳ್ಳಿ ಇದ್ದಿದ್ರೆ ನನ್ನ ಕಿವಿ ತಪ್ಪಿಸ್ಕೊಂಡು ಹೋಗ್ತಿತ್ತಾ?"

ರೊವೀನಾ ಕೈ ಕಟ್ಟಿಕೊಂಡು ತಂಗಿಯನ್ನೇ ನೋಡುತ್ತಿದ್ದಳು. ಗ್ಲೆಂಡಾ ಲೈಲಾಕಿನ ಕಡೆ ಒಮ್ಮೆ, ಕಲ್ಲಿನ ಕಡೆ ಒಮ್ಮೆ ನೋಡಿದಳು. ಪೊಟ್ಟಣ ಕೈಯಲ್ಲೇ ಮುದ್ದೆಯಾಯಿತು.

"ನಾನೇ ತಗೊಂಡಿದ್ದೆ ರೊವೀನಾ," ಎಂದಳು. "ಹೊಟ್ಟೆಕಿಚ್ಚಿಗೆ. ತಪ್ಪಾಯ್ತು."

"ಏನ್ ಮಾಡ್ದೆ ಅದನ್ನ?"

"ಖರ್ಚು ಮಾಡ್ಬಿಟ್ಟೆ. ಐಸ್‌ಕ್ರೀಮ್ ತಿಂದೆ."

"ನೂರು ವರ್ಷದ ಬೆಳ್ಳೀನ ಐಸ್‌ಕ್ರೀಮಿಗೆ ಕೊಟ್ಟೆಯಾ ತಾಯಿ!" ಎಂದು ಆರ್ವಿಲ್‌ನ ಬಾಯಿಂದ ಹೊರಟೇಹೋಯಿತು. ಹಳೇ ನಾಣ್ಯದ ಮೇಲೆ ಪ್ರಾಣ ಇಟ್ಟುಕೊಂಡವನು, ತಡೆಯಲಾಗಲಿಲ್ಲ.

ರೊವೀನಾಗೆ ಅಳು ಬಂತು. "ಇಷ್ಟು ಹೇಳೋಕೆ ನಲವತ್ತೆಂಟು ವರ್ಷ ಬೇಕಾಯ್ತೇನೇ, ಪಾಪಿ?" ಎಂದು ತಂಗಿಯನ್ನು ತಬ್ಬಿಕೊಂಡಳು. ಗ್ಲೆಂಡಾ ಅಕ್ಕನ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಇಬ್ಬರೂ ಒಂದೇ ಕಾರಿನಲ್ಲಿ ಹೋದರು. ಆ ಸಂಜೆ ಆರ್ವಿಲ್ ಮನೆಗೆ ಬಂದು ಹೆಂಡತಿ ಡಾರ್ಲೀನಳ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಎರಡು ಮನೆ ಒಂದು ಮಾಡಿದೆ ಎಂದ. ಎರಡೆರಡು ಸಲ ಬಡಿಸಿಕೊಂಡು ಉಂಡ.

ಜೂನ್ ಮುಗಿಯುತ್ತಾ ಬಂದಿತ್ತು. ಒಂದು ಬೆಳಗ್ಗೆ ಆರ್ವಿಲ್ ಕಾಫಿ ಕುಡಿಯುತ್ತಾ ಪೇಪರು ಓದುತ್ತಿದ್ದ. ಡಾರ್ಲೀನ್ ದಡದಡನೆ ಬಂದವಳೇ ಸೊಂಟದ ಮೇಲೆ ಕೈಯಿಟ್ಟಳು.

"ಎರಡು ದಿನದಿಂದ ಕಾಯ್ತಿದೀನಿ, ಈ ಮನುಷ್ಯ ಎದ್ದು ಬ್ಯಾಟರಿ ಹಾಕ್ತಾನಾ ಅಂತ. ನಂಗೆ ಕುರ್ಚಿ ಹತ್ತೋಕೆ ಆಗಲ್ಲ ಅಂತ ಗೊತ್ತಿಲ್ವಾ?"

"ಯಾವ ಬ್ಯಾಟರಿ?"

"ಹೊಗೆ ಅಲಾರಂದು! ಬ್ಯಾಟರಿ ಮುಗೀತು ಅಂತ ತಲೆ ಮೇಲೆ ಕೀಂಯ್ ಕೀಂಯ್ ಅಂತ ಪ್ರಾಣ ತಿಂತಿದೆ, ನಿನಗೆ ತಲೆಚಿಟ್ಟು ಹಿಡಿಯಲ್ವಾ?"

ಆರ್ವಿಲ್ ಚಾವಣಿ ನೋಡಿದ. ಬಿಳೀ ಡಬ್ಬಿ ಸುಮ್ಮನೆ ಇತ್ತು. ಅದರ ಕೆಂಪು ದೀಪ ಒಮ್ಮೆ ಮಿಣುಕಿತು. ಡಾರ್ಲೀನ್, "ನೋಡು, ಇನ್ನೊಂದು ಸಲ!" ಎಂದು ಕಿವಿ ಮುಚ್ಚಿಕೊಂಡಳು. ಆರ್ವಿಲ್‌ಗೆ ಏನೂ ಕೇಳಿಸಲಿಲ್ಲ.

ಅವನು ಕಪ್ಪನ್ನು ಕೆಳಗಿಟ್ಟ. ಕಪಾಟಿನಿಂದ ತನ್ನದೇ ಒಂದು ಬೆಳ್ಳಿ ಡೈಮ್ ತೆಗೆದುಕೊಂಡು ಹಿತ್ತಲಿಗೆ ಹೋದ. ಹುಲ್ಲಿನ ಮೇಲೆ ಇಟ್ಟ. ಹೆಡ್‌ಫೋನು ಏರಿಸಿ ತಟ್ಟೆ ಬೀಸಿದ. ನಿಶ್ಶಬ್ದ. ಇನ್ನೊಮ್ಮೆ ಬೀಸಿದ. ಪರದೆಯ ಮೇಲಿನ ಕಪ್ಪು ಟೇಪನ್ನು ಉಗುರಲ್ಲಿ ಕೆರೆದು ಕಿತ್ತ. ತಟ್ಟೆ ಡೈಮಿನ ಮೇಲೆ ಹೋದಾಗಲೆಲ್ಲ ಪರದೆಯಲ್ಲಿ ಬೆಳ್ಳಿಯ ಅಂಕಿ ಸ್ಪಷ್ಟವಾಗಿ ಬಂತು. ಯಂತ್ರ ಬಾಯಿ ಹರಿದುಕೊಳ್ಳುತ್ತಿತ್ತು, ಕೇಳುವವನೇ ಇರಲಿಲ್ಲ.

ಅಯ್ಯೋ ದೇವರೇ ಎಂದು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ. ಕಪ್ಪೆಗಳು ಸತ್ತಿರಲಿಲ್ಲ. ಬೆಟ್ಟವನ್ನು ಯಾರೂ ಗುಡಿಸಿರಲಿಲ್ಲ. ಮೂವತ್ತೆಂಟು ವರ್ಷ ಗರಗಸ ಅವನ ಕಿವಿಗೆ ಕೇಳುವ ಮೇಲಿನ ಸ್ವರಗಳನ್ನೇ ಒಂದಿಷ್ಟೊಂದಿಷ್ಟಾಗಿ ಕತ್ತರಿಸಿಕೊಂಡು ಹೋಗಿತ್ತು. ಆ ಕಿವಿಯನ್ನು ನಂಬಿ ಒಬ್ಬ ಹೆಂಗಸು ಮಾಡದ ಕಳ್ಳತನ ಒಪ್ಪಿಕೊಂಡಿದ್ದಳು.

ಗಾಡಿ ಹತ್ತಿ ಕಾಬ್ ಜಾಗಕ್ಕೆ ಓಡಿಸಿದ. ಲೈಲಾಕ್ ಇರಲಿಲ್ಲ. ಮೆಟ್ಟಿಲುಗಲ್ಲು ಇರಲಿಲ್ಲ. ಎರಡಾಳು ಆಳದ ಗುಂಡಿ, ಅದರೊಳಗೆ ಹಸೀ ಕಾಂಕ್ರೀಟು. ಮೇಲ್ಮಣ್ಣು ಏನಾಯಿತು ಎಂದು ಮಣ್ಣು ಅಗೆಯುವ ಯಂತ್ರದವನನ್ನು ಕೇಳಿದ.

"ಹದಿನಾರು ಲೋಡು ಹೊಡೆದ್ವಿ. ಒಂದಿಷ್ಟು ಸ್ಮಶಾನದ ರಸ್ತೆಗೆ, ಒಂದಿಷ್ಟು ಶಾಲೆ ಮೈದಾನಕ್ಕೆ, ಉಳಿದಿದ್ದು ಕೇಳಿದೋರಿಗೆಲ್ಲ ಕೊಟ್ವಿ. ಯಾಕೆ, ನಿಮಗೂ ಬೇಕಿತ್ತಾ?"

"ನಂಗೆ ಒಂದು ಚಿಟಿಕೆ ಬೇಕಿತ್ತಪ್ಪಾ," ಎಂದ ಆರ್ವಿಲ್. ಯಂತ್ರದವನು ಇದನ್ನು ತಮಾಷೆ ಎಂದುಕೊಂಡು ನಕ್ಕ.

ಅಲ್ಲಿಂದ ನೇರ ರೊವೀನಾಳ ಮನೆಗೆ ಹೋದ. ಅವಳು ಮೇಜಿನ ಮೇಲೆ ನೀಲಿ ಬಟ್ಟೆ ಹರಡಿಕೊಂಡು ಕೋರಾಳ ಮದುವೆಗೆ ತನಗೊಂದು ಅಂಗಿ ಹೊಲಿಯುತ್ತಿದ್ದಳು. ಆರ್ವಿಲ್ ನಿಂತೇ ಎಲ್ಲವನ್ನೂ ಹೇಳಿದ. ಅಲಾರಂ, ಟೇಪು, ಹಿತ್ತಲಿನ ಡೈಮ್, ಒಂದನ್ನೂ ಬಿಡಲಿಲ್ಲ. ಎಪ್ಪತ್ತೆರಡು ವರ್ಷದವನು ನಾನು ಕಿವುಡ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲೇ.

ರೊವೀನಾ ಸೂಜಿ ಕಚ್ಚಿಕೊಂಡೇ ಕೇಳಿದಳು. ಆಮೇಲೆ ಅದನ್ನು ತೆಗೆದು ಬಟ್ಟೆಗೆ ಚುಚ್ಚಿದಳು. "ನೀನು ಕಿವುಡ ಆದ್ರೆ ಅವಳೇನು ಮೂಗಿಯಾ? ಬಾಯಿಬಿಟ್ಟು ಒಪ್ಕೊಂಡಿದಾಳಲ್ಲ!"

"ನಾನು ಇಲ್ಲ ಅಂದಿದ್ದಕ್ಕೆ ಒಪ್ಕೊಂಡ್ಳು ರೊವೀನಾ. ನೀನು ಮದುವೆಗೆ ಬರಲಿ ಅಂತ."

"ಸ್ಟ್ರಾಬೆರಿ ಐಸ್‌ಕ್ರೀಮಂತೆ. ಯಾವ ಅಂಗಡಿ ಅಂತಾನೂ ಹೇಳಿದಾಳೆ. ಮಾಡದೇ ಇರೋ ಕೆಲಸಕ್ಕೆ ಯಾರಾದ್ರೂ ರುಚಿ ಹೇಳ್ತಾರಾ?" ಅವಳು ನಕ್ಕಳು, ಪ್ರೀತಿಯಿಂದಲೇ. "ನಿನ್ನ ಮನಸ್ಸು ಮೆತ್ತಗೆ ಆರ್ವಿಲ್, ಶಾಲೇಲೂ ಹಾಗೇ ಇದ್ದೆ. ಯಾರಾದ್ರೂ ಪೆಟ್ಟು ತಿಂದ್ರೆ ನೀನು ಅಳ್ತಿದ್ದೆ. ಹೋಗ್ಲಿ ಬಿಡು. ನಾನು ಕ್ಷಮಿಸಿ ಆಯ್ತು. ಈಗ ಕೆದಕಬೇಡ. ಕೂತ್ಕೋ, ಆ್ಯಪಲ್ ಪೈ ಇದೆ."

ಆರ್ವಿಲ್ ಕೂತ. ಪೈ ತಿಂದ. ಮತ್ತೇನು ಮಾಡಿಯಾನು? ತೋರಿಸಲು ಡೈಮ್ ಇಲ್ಲ, ಡೈಮ್ ಇದ್ದ ಮಣ್ಣಿಲ್ಲ, ಮಣ್ಣಿದ್ದ ಜಾಗವಿಲ್ಲ. ಅಲ್ಲಿ ಡೈಮ್ ಇತ್ತು ಎಂದೂ ಅವನು ಆಣೆ ಮಾಡುವಂತಿರಲಿಲ್ಲ. ಇಲ್ಲ ಎಂದು ಹೇಳಲು ತನಗೆ ಹಕ್ಕಿರಲಿಲ್ಲ ಅನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು.

ಮಾರನೆಯ ದಿನ ಗ್ಲೆಂಡಾಳೇ ಅವನ ಮನೆ ಬಾಗಿಲಿಗೆ ಬಂದಳು. ಏಪ್ರನ್ನಿನ ಮೇಲೆ ಯಾರದೋ ನರೆಗೂದಲು ಅಂಟಿಕೊಂಡೇ ಇತ್ತು. ಒಳಗೆ ಬಾ ಎಂದರೂ ಬರಲಿಲ್ಲ.

"ರೊವೀನಾ ಫೋನ್ ಮಾಡಿ ಅರ್ಧ ಗಂಟೆ ನಕ್ಳು, ಆರ್ವಿಲ್. ನೀನೇ ಕಳ್ಸಿದ್ಯಾ ಅವನ್ನ ಅಂತ ಕೇಳಿದ್ಳು."

"ಗ್ಲೆಂಡಾ, ನಾನು ನಿನಗೆ ಮಾಡಿದ್ದು..."

"ಅದು ಬಿತ್ತು," ಎಂದಳು ಗ್ಲೆಂಡಾ. "ಆ ಕಲ್ಲಿಗೆ ಬಡೀತು. ಟಿಣ್ ಅಂತು. ಆ ಸದ್ದು ಇವತ್ತಿಗೂ ನನ್ನ ಕಿವೀಲಿದೆ. ಅಮ್ಮ ಫೋಟೋಗೆ ಬೇಗ ಬಾ ಅಂತ ಕೂಗ್ತಿದ್ಳು, ಆಮೇಲೆ ಎತ್ಕೊಂಡ್ರಾಯ್ತು ಅಂತ ಓಡ್ದೆ. ಆಮೇಲೆ ಬಂದ್ರೆ ಇರ್ಲಿಲ್ಲ. ಸಾಯೋವರೆಗೂ ಅಮ್ಮ ಕೂಡ ನಂಬ್ಲಿಲ್ಲ."

"ಎಲ್ಲರ ಮುಂದೆ ಹೇಳ್ತೀನಿ. ಚರ್ಚಲ್ಲಿ ಹೇಳ್ತೀನಿ, ಊರಸಭೇಲಿ ಹೇಳ್ತೀನಿ."

"ದಮ್ಮಯ್ಯ, ಹೇಳಬೇಡಿ. ಅವಳು ಕೋರಾಗೆ ಅಂಗಿ ಅಳತೆ ತಗೋತಾಳೆ ಈಗ. ಭಾನುವಾರ ಊಟಕ್ಕೆ ಬರ್ತಾಳೆ. ನೀವು ಹೇಳಿದ್ರೆ ನಾನು ಕಳ್ಳಿ ಅನ್ನೋದು ಹೋಗಲ್ಲ, ಸುಳ್ಳಿ ಅನ್ನೋದು ಜೊತೆಗೆ ಸೇರ್ಕೊಳುತ್ತೆ. ಅಕ್ಕ ಮತ್ತೆ ಹೊರಟುಹೋಗ್ತಾಳೆ." ಅವಳು ಏಪ್ರನ್ನಿನ ಕೂದಲನ್ನು ಒಂದೊಂದಾಗಿ ಕಿತ್ತು ಗಾಳಿಗೆ ಬಿಟ್ಟಳು. "ನಾನು ಕಳ್ಳಿಯಾಗಿರೋದಕ್ಕೇ ಅವಳು ಬರ್ತಿರೋದು ಆರ್ವಿಲ್. ನನಗೆ ಅಷ್ಟು ಸಾಕು."

ಸಾಕು ಎಂದವಳ ಮುಖ ಸಾಕು ಅನ್ನುವಂತಿರಲಿಲ್ಲ.

ಆ ಬೇಸಗೆಯೆಲ್ಲ ಆರ್ವಿಲ್ ಮಣ್ಣಿನ ಹಿಂದೆ ಬಿದ್ದ. ಸ್ಮಶಾನದ ರಸ್ತೆ, ಶಾಲೆಯ ಮೈದಾನ, ಮಣ್ಣು ಹಾಕಿಸಿಕೊಂಡವರ ತರಕಾರಿ ಹಿತ್ತಲು, ಎಲ್ಲ ಕಡೆ ಪರದೆಯಲ್ಲೇ ಕಣ್ಣು ನೆಟ್ಟು ನಡೆದ. ಬಗ್ಗಿ ಬಗ್ಗಿ ನೋಡಿ ಕತ್ತು ಹಿಡಿದುಕೊಂಡಿತು. ಕೋಲಾ ಡಬ್ಬಿಯ ಮುಚ್ಚಳದ ಉಂಗುರಗಳು ಸಿಕ್ಕವು, ಮೊಳೆ ಸಿಕ್ಕವು, ಒಂದು ಆಟದ ಕಾರು ಸಿಕ್ಕಿತು. ಪೆಲ್ಟಿಯೇ ಏನು ಎತ್ತ ಎಂದು ಕೇಳದೆ ಎರಡು ವಾರ ಜೊತೆಗೆ ನಡೆದ. ಪರದೆಯ ಟೇಪು ಹೋದದ್ದನ್ನು ನೋಡಿಯೂ ಅವನು ರೇಗಿಸಲಿಲ್ಲ. ಅದು ಆರ್ವಿಲ್‌ಗೆ ಇನ್ನೂ ಕಷ್ಟವಾಯಿತು.

ಸೆಪ್ಟೆಂಬರಿನಲ್ಲಿ ಡಾರ್ಲೀನ್ ಅವನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಕಡಲೆ ಬೀಜದಷ್ಟು ಚಿಕ್ಕ ಎರಡು ಯಂತ್ರಗಳನ್ನು ಕಿವಿಗೆ ಕೂರಿಸಿದರು. ಹೊರಗೆ ಬಂದರೆ ಹಕ್ಕಿಗಳ ಗಲಾಟೆ. ಡಾರ್ಲೀನಳ ಚೀಲದ ಜಿಪ್ಪು, ಗಾಡಿಯ ಬೀಗದ ಕೈ ಗೊಂಚಲು, ಎಲ್ಲವೂ ಟಿಣ್ ಟಿಣ್ ಎನ್ನುತ್ತಿದ್ದವು. ಜಗತ್ತಿನಲ್ಲಿ ಇಷ್ಟೊಂದು ಸಣ್ಣ ಸದ್ದು ಇದೆಯೆಂದು ಅವನಿಗೆ ಮರೆತೇಹೋಗಿತ್ತು. ಪಾರ್ಕಿಂಗಿನಲ್ಲೇ ಅತ್ತ. ಕೇಳಿಸಿತು ಎನ್ನುವ ಖುಷಿಗೆ ಅಳುತ್ತಿದ್ದಾನೆ ಎಂದುಕೊಂಡು ಡಾರ್ಲೀನ್ ಬೆನ್ನು ಸವರಿದಳು.

ಅಕ್ಟೋಬರಿನ ಎರಡನೇ ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಕೋರಾ ಬಿಳೀ ಉಡುಪಿನಲ್ಲಿ ಎಡಗಾಲು ಚಾಚಿ ಕೂತಿದ್ದಳು. ಮದುಮಗಳ ಬೂಟಿಗೆ ಡೈಮ್ ಬೇಕಲ್ಲ, ಊರಲ್ಲಿ ಹಳೇ ಬೆಳ್ಳಿ ಇರುವುದು ಆರ್ವಿಲ್ ಹತ್ತಿರ. ಅವನು ತನ್ನ ಸಂಗ್ರಹದಲ್ಲೇ ಚೆನ್ನಾದ ಒಂದನ್ನು ಆರಿಸಿ ತಂದಿದ್ದ. ಕೋಣೆಯ ತುಂಬ ಹೆಂಗಸರು, ಬಾಗಿಲ ಹತ್ತಿರ ಪೆಲ್ಟಿಯೇ ಮತ್ತೆ ನಾಲ್ಕಾರು ಗಂಡಸರು. ಗ್ಲೆಂಡಾ ನಗುತ್ತಾ ಬಂದು ಕೈ ಚಾಚಿದಳು. ಆರ್ವಿಲ್ ಆ ಅಂಗೈಯಲ್ಲಿ ಡೈಮ್ ಇಡಲು ಬಗ್ಗಿದ.

"ಅಯ್ಯಯ್ಯೋ, ಅವಳ ಕೈಗಾ?" ರೊವೀನಾ ನಡುವೆ ನುಗ್ಗಿ ಡೈಮನ್ನು ಪಟ್ಟನೆ ಕಿತ್ತುಕೊಂಡಳು. "ಐಸ್‌ಕ್ರೀಮ್ ಅಂಗಡಿ ಇಲ್ಲೇ ಎದುರಿಗಿದೆ ಕಣ್ರೇ!"

ಕೋಣೆ ಗೊಳ್ಳೆಂದಿತು. ಕಥೆ ಆಗಲೇ ಊರಿಗೆಲ್ಲ ಗೊತ್ತಿತ್ತು. ಕೋರಾ ಕೂಡ, "ಅಮ್ಮಾ, ಸ್ಟ್ರಾಬೆರೀನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗ್ಲೆಂಡಾಳ ಕೈ ಚಾಚಿದಂತೆಯೇ ಒಂದು ಕ್ಷಣ ನಿಂತಿತ್ತು. ಆಮೇಲೆ ಅವಳು ಅದನ್ನು ಲಂಗಕ್ಕೆ ಒರೆಸಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊಸ ಯಂತ್ರಗಳಿದ್ದ ಆರ್ವಿಲ್‌ನ ಕಿವಿಗೆ ಆ ನಗು ಎಲ್ಲಿ ಒಡೆಯಿತು ಅನ್ನುವುದೂ ಕೇಳಿಸಿತು.

ಆರ್ವಿಲ್ ಬಾಯಿ ತೆರೆದ. ಗ್ಲೆಂಡಾ ಅವನನ್ನೇ ನೋಡುತ್ತಿದ್ದಳು. ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ಬೇಡ ಎಂದು ತಲೆಯಾಡಿಸಿದಳು.

"ಏನೋ ಹೇಳೋಕೆ ಹೊರಟೆಯಲ್ಲ ಆರ್ವಿಲ್?" ಎಂದಳು ರೊವೀನಾ, ಬೂಟಿನ ಮೇಲೆ ಬಗ್ಗಿಕೊಂಡೇ.

"ಏನೂ ಇಲ್ಲ," ಎಂದ ಆರ್ವಿಲ್.

"ಆರ್ವಿಲ್ ಇಲ್ಲ ಅಂದ್ರೆ ಇಲ್ಲ ಕಣ್ರಪ್ಪಾ!" ಎಂದು ಬಾಗಿಲ ಹತ್ತಿರ ಯಾರೋ ಕೂಗಿದರು. ಎಲ್ಲರೂ ಮತ್ತೊಂದು ಸಲ ನಕ್ಕರು.